ಮೂಕಿ ಚಿತ್ರದ ಕಾಳು–ಜೊಳ್ಳು ಬೇರೆ ಮಾಡುವುದು ಹೇಗೆ: ‘ದಿ ಲಾಸ್ಟ್ ಲಾಫ್’ ಎದುರಿಟ್ಟುಕೊಂಡು

ಮೂಕಿ ಚಿತ್ರ ನೋಡಿ ಬರೆಯುವವರು ಹೆಚ್ಚಾಗಿ ಎರಡೇ ಮಾತಿಗೆ ಮುಗಿಸುತ್ತಾರೆ: ‘ಆ ಕಾಲಕ್ಕೆ ಅದ್ಭುತ’, ‘ಈಗ ನೋಡಿದರೆ ನಿಧಾನ’. ಈ ಮಾತುಗಳನ್ನು ಯಾವ ಮೂಕಿ ಚಿತ್ರದ ಮೇಲೆ ಬೇಕಾದರೂ ಅಂಟಿಸಬಹುದು. ಒಬ್ಬ ಮನುಷ್ಯನ ಮನಸ್ಸು ಒಳಗೊಳಗೇ ಕುಸಿಯುವುದನ್ನೇ ಕತೆ ಮಾಡಿಕೊಂಡ ಚಿತ್ರವನ್ನು ತೂಗಲು ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿ ಬೇಕು. ಟಾಕಿಯಲ್ಲಿ ಪಾತ್ರ ‘ನನಗೆ ಅವಮಾನವಾಯಿತು’ ಎಂದುಬಿಡಬಹುದು. ಮೂಕಿಯಲ್ಲಿ ಆ ಅವಮಾನ ತೊಟ್ಟ ಕೋಟಿಗೋ, ಬಾಗಿಲಿಗೋ, ಬಾಗಿದ ಬೆನ್ನಿಗೋ ಬಂದು ಸೇರಬೇಕು. ಸೇರಿದ ಕಡೆ ಚಿತ್ರ ಗೆಲ್ಲುತ್ತದೆ, ಸೇರದ ಕಡೆ ಸೋಲುತ್ತದೆ. ನೋಡುವವರ ಕೆಲಸ ಈ ಸೇರುವಿಕೆಯನ್ನು ಹುಡುಕಿ ಗುರುತು ಹಾಕುವುದು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎಫ್. ಡಬ್ಲ್ಯು. ಮುರ್ನೌ ನಿರ್ದೇಶನದ ಜರ್ಮನ್ ಚಿತ್ರ ‘ಡೆರ್ ಲೆಟ್ಸ್‌ಟೆ ಮಾನ್’. ಇಂಗ್ಲಿಷ್ ಪ್ರತಿಗಳು ‘ದಿ ಲಾಸ್ಟ್ ಲಾಫ್’ ಹೆಸರಿನಲ್ಲಿ ಸಿಗುತ್ತವೆ. ಊಫಾ ಸಂಸ್ಥೆಯ ತಯಾರಿಕೆ, 1924ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಬಿಡುಗಡೆ. ಚಿತ್ರಕತೆ ಕಾರ್ಲ್ ಮೇಯರ್, ಕ್ಯಾಮೆರಾ ಕಾರ್ಲ್ ಫ್ರಾಯ್ಂಡ್, ಮುಖ್ಯ ಪಾತ್ರದಲ್ಲಿ ಎಮಿಲ್ ಯಾನಿಂಗ್ಸ್. ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಹಿತ್ತಾಳೆ ಗುಂಡಿಯ ಭರ್ಜರಿ ಯೂನಿಫಾರ್ಮ್ ತೊಟ್ಟು ನಿಲ್ಲುವ ಮುದುಕನಿಗೆ ವಯಸ್ಸಾಯಿತೆಂದು ಆಡಳಿತದವರು ಆ ಯೂನಿಫಾರ್ಮ್ ಬಿಚ್ಚಿಸಿ ಶೌಚಾಲಯದ ಕೆಲಸಕ್ಕೆ ಹಾಕುತ್ತಾರೆ. ಕತೆ ಇಷ್ಟೇ. ಕತೆ ನಡೆಯುತ್ತಿರುವಾಗ ವಿವರಣೆಯ ಟೈಟಲ್ ಕಾರ್ಡ್ (ಪರದೆ ತುಂಬ ಬರುವ ಬರಹ) ಬರುವುದು ಒಂದೇ ಒಂದು, ಅದೂ ಕೊನೆಯ ಭಾಗಕ್ಕೆ ಮುಂಚೆ. ಮಾತಿನ ಊರುಗೋಲು ಇಷ್ಟು ಕಡಿಮೆ ಇರುವ ಚಿತ್ರದಲ್ಲಿ ಯಾವುದು ನಿಂತಿದೆ, ಯಾವುದು ತೂರಾಡುತ್ತಿದೆ ಎಂಬುದು ಬೇಗ ಕಾಣುತ್ತದೆ. ಕಲಿಯುವವರಿಗೆ ಇದನ್ನೇ ಮೊದಲು ಹೇಳುವುದು ಅದಕ್ಕೆ.

ಮೊದಲು ಕೈಯಲ್ಲಿರುವ ಪ್ರತಿ ಎಂಥದ್ದು ನೋಡಿ

ಮೂಕಿ ಚಿತ್ರಗಳ ಮೇಲೆ ಹೊರಿಸುವ ದೋಷಗಳಲ್ಲಿ ಬಹಳಷ್ಟು ಚಿತ್ರದ್ದಲ್ಲ, ಪ್ರತಿಯದ್ದು. ಎಲ್ಲಕ್ಕಿಂತ ಮೊದಲು ವೇಗ. ಟಾಕಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮು (ಬಿಡಿ ಚಿತ್ರ) ಎಂದು ನಿಗದಿಯಾಯಿತು. ಅದಕ್ಕೂ ಮುಂಚೆ ಕ್ಯಾಮೆರಾ ಹಿಡಿಕೆಯನ್ನು ಕೈಯಿಂದ ತಿರುಗಿಸುವುದೇ ರೂಢಿ, 16ರಿಂದ 24ರವರೆಗೆ ಏನು ಬೇಕಾದರೂ ಇರುತ್ತಿತ್ತು. 35 ಎಂಎಂ ಫಿಲ್ಮಿನ ಒಂದು ಮೀಟರಿನಲ್ಲಿ ಸುಮಾರು 52.5 ಫ್ರೇಮು. ಹಾಗಾಗಿ 1000 ಮೀಟರ್ ಫಿಲ್ಮು 16ರ ವೇಗದಲ್ಲಿ ಸುಮಾರು 55 ನಿಮಿಷ, 18ರಲ್ಲಿ 49, 20ರಲ್ಲಿ 44, 24ರಲ್ಲಿ ಮೂವತ್ತಾರೂವರೆ ನಿಮಿಷ ಓಡುತ್ತದೆ. ಒಂದೇ ನಟನೆ 55 ನಿಮಿಷದಲ್ಲಿ ದುಃಖವಾಗಿ ಕಂಡರೆ ಮೂವತ್ತಾರೂವರೆಯಲ್ಲಿ ಕುಣಿದಾಟವಾಗಿ ಕಾಣುತ್ತದೆ.

ನಮ್ಮ ಚಿತ್ರದ ಒಳ್ಳೆಯ ಪ್ರತಿ ಸುಮಾರು 90 ನಿಮಿಷದ್ದು. ನಿಮ್ಮದು 75ರ ಆಸುಪಾಸಿನಲ್ಲಿದ್ದರೆ ಅದು ವೇಗವಾಗಿ ಓಡುತ್ತಿದೆ ಅಥವಾ ಅದಕ್ಕೆ ಕತ್ತರಿ ಬಿದ್ದಿದೆ. ಯಾವುದೆಂದು ತಿಳಿಯಲು ಬೀದಿಯಲ್ಲಿ ಆರಾಮಾಗಿ ನಡೆಯುವ ಯಾರನ್ನಾದರೂ ಹಿಡಿದು 10 ಸೆಕೆಂಡಿನ ಹೆಜ್ಜೆ ಎಣಿಸಿ. 17ರಿಂದ 20 ಬಂದರೆ ಸಹಜ, 24–25 ದಾಟಿದರೆ ವೇಗ ತಪ್ಪಿದೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಚೌಕ ಆವರಣದ ಎರಡು ಕೀಲಿಗಳಿಂದ ವೇಗವನ್ನು 0.1ರಂತೆ ಇಳಿಸಿ ಏರಿಸಬಹುದು. 20ರ ಚಿತ್ರವನ್ನು 24ರಲ್ಲಿ ಓಡಿಸಿದ್ದರೆ 0.83ಕ್ಕೆ, 18ರದ್ದಾದರೆ 0.75ಕ್ಕೆ ಇಳಿಸಬೇಕು. ಮರುಸ್ಥಾಪಿಸಿದ ಪ್ರತಿಗಳಲ್ಲಿ ಈ ತಿದ್ದುಪಡಿ ಮೊದಲೇ ಆಗಿರುತ್ತದೆ. ಅವನ್ನು ಮತ್ತೆ ನಿಧಾನ ಮಾಡಿದರೆ ಯಾನಿಂಗ್ಸ್ ನೀರಿನೊಳಗೆ ನಡೆದಂತೆ ಕಾಣುತ್ತಾನೆ, ‘ಚಿತ್ರ ಎಳೆದಾಡುತ್ತದೆ’ ಎಂಬ ಸುಳ್ಳು ದೂರು ಹುಟ್ಟುತ್ತದೆ.

ಎರಡನೆಯದು, ಯಾವ ಆವೃತ್ತಿ ಎಂಬುದು. ಆಗ ನೆಗೆಟಿವ್‌ನಿಂದ (ಪ್ರತಿಗಳನ್ನು ಅಚ್ಚು ಮಾಡುವ ಮೂಲ ಫಿಲ್ಮು) ಇನ್ನೊಂದು ಒಳ್ಳೆಯ ನೆಗೆಟಿವ್ ತೆಗೆಯುವ ಫಿಲ್ಮು ಇರಲಿಲ್ಲ. ಹಾಗಾಗಿ ಜರ್ಮನಿಗೆ ಒಂದು, ಅಮೆರಿಕಕ್ಕೆ ಒಂದು, ಉಳಿದ ದೇಶಗಳಿಗೆ ಒಂದು ಎಂದು ಈ ಚಿತ್ರಕ್ಕೆ ಮೂರು ನೆಗೆಟಿವ್ ಸಿದ್ಧಪಡಿಸಿದರು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆದ ಬೇರೆ ಬೇರೆ ಟೇಕುಗಳು ಬೇರೆ ಬೇರೆ ಆವೃತ್ತಿ ಸೇರಿದವು, ಕ್ಯಾಮೆರಾ ನಿಂತ ಜಾಗವೂ ಬದಲಾಯಿತು. ಜರ್ಮನ್ ಆವೃತ್ತಿಯನ್ನು ಮುರ್ನೌ ಹೆಸರಿನ ಪ್ರತಿಷ್ಠಾನ ಮರುಸ್ಥಾಪಿಸಿದೆ, ಸಿಕ್ಕರೆ ಅದನ್ನೇ ನೋಡಿ. ಅಲ್ಲಲ್ಲಿ ಸಿಗುವ ಮಸುಕು ಪ್ರತಿ ನೋಡಿ ‘ಚೌಕಟ್ಟು ಸಡಿಲವಾಗಿದೆ’ ಎಂದು ಬರೆದರೆ ನೀವು ದೂರುವುದು ಮುರ್ನೌ ಆಯ್ದುಕೊಳ್ಳದ ಟೇಕನ್ನು ಆಗಿರಬಹುದು.

ಮುಖದ ಬಣ್ಣದಲ್ಲೂ ಇದೇ ಎಚ್ಚರ ಬೇಕು. 1920ರ ದಶಕದ ನಡುವಿನವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ, ನೀಲಿ ಕಣ್ಣು ಪೇಲವವಾಗಿ ಬರುತ್ತಿತ್ತು. ಮುಖಕ್ಕೆ ದಪ್ಪ ಬಣ್ಣ ಬಳಿಯುತ್ತಿದ್ದುದಕ್ಕೆ ಅದೂ ಒಂದು ಕಾರಣ. ಕಪ್ಪು ತುಟಿಯನ್ನು ನಟನ ಅತಿರೇಕದ ಲೆಕ್ಕಕ್ಕೆ ಬರೆಯಬೇಡಿ.

ಇನ್ನು ಸಂಗೀತ. ಈ ಚಿತ್ರಕ್ಕೆ ಜುಸೆಪ್ಪೆ ಬೆಚ್ಚೆ ಬರೆದ ಮೂಲ ಸಂಗೀತವಿದೆ. ಕೆಲವು ಪ್ರತಿಗಳಲ್ಲಿ ಯಾವುದೋ ಪಿಯಾನೋ ತುಣುಕು ಸುಮ್ಮನೆ ಸುತ್ತುತ್ತಿರುತ್ತದೆ. ಅಳುವ ದೃಶ್ಯಕ್ಕೆ ಕುಣಿಯುವ ಸಂಗೀತ ಬಿದ್ದಿದ್ದರೆ ದನಿ ಮುಚ್ಚಿ ನೋಡುವುದೇ ಮೇಲು.

ಮೂರು ಸಲ ನೋಡಬೇಕು, ಮೂರೂ ಬೇರೆ ಥರ

ಮೊದಲ ಸಲ ಸಂಗೀತದ ಜೊತೆ, ಕತ್ತಲಲ್ಲಿ, ನಡುವೆ ನಿಲ್ಲಿಸದೆ ನೋಡಿ. ಪೆನ್ನು ಬೇಡ, ಫೋನು ದೂರವಿರಲಿ. ಮೂಕಿಯಲ್ಲಿ ಕಣ್ಣು ತೆಗೆದರೆ ಕಿವಿ ಕಾಯುವುದಿಲ್ಲ, ಹತ್ತು ಸೆಕೆಂಡು ತಪ್ಪಿದರೂ ಎಳೆ ಕಳೆದುಹೋಗುತ್ತದೆ. ಮುಗಿದ ಕೂಡಲೇ ಐದು ಸಾಲು ಬರೆದುಕೊಳ್ಳಿ: ಈ ಮನುಷ್ಯನಿಗೆ ಬೇಕಾಗಿದ್ದೇನು, ಅವನು ಹೆದರುವುದು ಯಾವುದಕ್ಕೆ, ಅವನು ಬದಲಾದ ಗಳಿಗೆ ಯಾವುದು, ನಿಮಗೆ ಬೇಸರವಾಗಿದ್ದು ಎಲ್ಲಿ, ಅರ್ಥವಾಗದೆ ಹೋದದ್ದು ಯಾವುದು. ಕೊನೆಯ ಎರಡು ಸಾಲು ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ, ನಾಚಿಕೆಯಿಂದ ಬಿಡಬೇಡಿ.

ಎರಡನೇ ಸಲ ಪೂರ್ತಿ ದನಿ ಮುಚ್ಚಿ, ಬೇಕಾದಲ್ಲಿ ನಿಲ್ಲಿಸುತ್ತಾ ನೋಡಿ. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಒಂದರಲ್ಲಿ ಘಟನೆ, ಎರಡರಲ್ಲಿ ಅಲ್ಲಿ ಮನಸ್ಸನ್ನು ಹೊತ್ತಿರುವುದು ಯಾವುದು (ಮೈ, ವಸ್ತು, ಜಾಗ, ಬೆಳಕು, ಕ್ಯಾಮೆರಾ ಚಲನೆ, ಬರಹ), ಮೂರರಲ್ಲಿ ನಿಮಗೆ ತಿಳಿದದ್ದೇನು, ನಾಲ್ಕರಲ್ಲಿ ಅದು ಖಚಿತವೋ ಊಹೆಯೋ. 90 ನಿಮಿಷದ ಚಿತ್ರಕ್ಕೆ 40–50 ಸಾಲು ಸಾಕು. ಎರಡನೇ ಕಾಲಂ ಉದ್ದಕ್ಕೂ ‘ಮುಖ, ಮುಖ, ಮುಖ’ ಎಂದೇ ತುಂಬಿದರೆ ಎಚ್ಚರಾಗಿ: ಚಿತ್ರ ನಟನೊಬ್ಬನ ಹೆಗಲ ಮೇಲೆ ಕೂತಿದೆ, ಇಲ್ಲವೇ ನೀವು ಬೇರೇನನ್ನೂ ನೋಡುತ್ತಿಲ್ಲ.

ಮೂರನೇ ಸಲ ಇಡೀ ಚಿತ್ರ ಬೇಡ. ಮೂರು ದೃಶ್ಯ ಆರಿಸಿ: ಗಟ್ಟಿ ಅನ್ನಿಸಿದ್ದು ಒಂದು, ಸಡಿಲ ಅನ್ನಿಸಿದ್ದು ಒಂದು, ಅರ್ಥವಾಗದ್ದು ಒಂದು. ವಿಎಲ್‌ಸಿಯಲ್ಲಿ ಇಂಗ್ಲಿಷಿನ ‘ಇ’ (E) ಕೀಲಿ ಒತ್ತುತ್ತಾ ಹೋದರೆ ಫ್ರೇಮು ಫ್ರೇಮಾಗಿ ಮುಂದೆ ಸಾಗುತ್ತದೆ. ಶಾಟುಗಳನ್ನು (ನಡುವೆ ಕತ್ತರಿಸದ ಒಂದೊಂದು ತುಣುಕು) ಎಣಿಸಿ, ಪ್ರತಿಯೊಂದರ ಸೆಕೆಂಡು ಬರೆದುಕೊಳ್ಳಿ.

ಗಟ್ಟಿತನ ಎಲ್ಲಿದೆ: ಒಂದು ದೃಶ್ಯವನ್ನು ಹತ್ತಿರದಿಂದ

ಮುದುಕನನ್ನು ಕೆಲಸದಿಂದ ಇಳಿಸುವ ದೃಶ್ಯ ತೆಗೆದುಕೊಳ್ಳಿ. ಹಿಂದಿನ ದಿನ ಜಡಿಮಳೆಯಲ್ಲಿ ಗಾಡಿಯ ಮೇಲಿಂದ ಭಾರದ ಟ್ರಂಕು ಇಳಿಸಿ ಸುಸ್ತಾಗಿ ಆತ ಒಳಗೆ ಕೂತಿದ್ದಾನೆ, ಅದು ಮ್ಯಾನೇಜರನ ಕಣ್ಣಿಗೆ ಬಿದ್ದಿದೆ. ಮಾರನೇ ಬೆಳಿಗ್ಗೆ ಬಂದರೆ ಬಾಗಿಲಲ್ಲಿ ಅವನಂಥದೇ ಯೂನಿಫಾರ್ಮ್ ತೊಟ್ಟ ಇನ್ನೊಬ್ಬ. ಆಫೀಸಿನೊಳಗೆ ಕೈಗೆ ಪತ್ರ ಸಿಗುತ್ತದೆ. ಇದನ್ನು ನಾವು ಮೊದಲು ಗಾಜಿನ ಆಚೆಯಿಂದ ನೋಡುತ್ತೇವೆ. ಒಳಗೆ ಏನೋ ನಡೆಯುತ್ತಿದೆ, ಕೇಳಿಸುವುದಿಲ್ಲ. ಮೂಕಿಗೆ ಕೇಳಿಸದಿರುವುದು ಸಹಜವೇ ಆದರೂ ನಡುವೆ ಗಾಜು ಇಟ್ಟಿದ್ದರಿಂದ ಆ ಕೇಳಿಸದಿರುವಿಕೆಗೆ ಅರ್ಥ ಬರುತ್ತದೆ: ಅಲ್ಲಿ ಆಗುತ್ತಿರುವುದು ಮಾತುಕತೆ ಅಲ್ಲ, ತೀರ್ಮಾನ ಆಗಲೇ ಆಗಿಹೋಗಿದೆ. ಆಮೇಲೆ ಕ್ಯಾಮೆರಾ ಒಳಗೆ ಹೋಗುತ್ತದೆ. ಮುದುಕ ಕನ್ನಡಕ ಹಾಕಿಕೊಂಡು ಓದುತ್ತಾನೆ. ವಯಸ್ಸಿನ ನಿಶ್ಶಕ್ತಿಯೇ ಕಾರಣ ಎಂಬ ಕಡೆ ಬಂದಾಗ ಅಕ್ಷರಗಳು ಕಲಸಿಹೋಗುತ್ತವೆ. ಅವನ ಕಣ್ಣೀರನ್ನು ಹೊರಗಿನಿಂದ ತೋರಿಸುವ ಬದಲು ಕಣ್ಣೀರಿನೊಳಗಿನಿಂದ ಪತ್ರವನ್ನು ತೋರಿಸಿದ್ದಾರೆ.

ಇಲ್ಲಿಗೇ ದೃಶ್ಯ ನಿಲ್ಲುವುದಿಲ್ಲ. ತನಗಿನ್ನೂ ಶಕ್ತಿಯಿದೆಯೆಂದು ತೋರಿಸಲು ಅಲ್ಲಿದ್ದ ಟ್ರಂಕನ್ನು ಎತ್ತಲು ಹೋಗಿ ಕುಸಿಯುತ್ತಾನೆ. ಆಮೇಲೆ ಬೇರೊಬ್ಬ ಬಂದು ಕೋಟು ಬಿಚ್ಚುತ್ತಾನೆ. ಎಳೆಯುವಾಗ ಒಂದು ಗುಂಡಿ ಕಿತ್ತು ಬೀಳುತ್ತದೆ. ಕಾಲಂನಲ್ಲಿ ಇದನ್ನು ಹೀಗೆ ಬರೆಯಬಹುದು: ‘ಕೋಟು ಬಿಚ್ಚಿದ್ದು – ವಸ್ತು (ಗುಂಡಿ), ಮೈ (ಪ್ರತಿರೋಧವಿಲ್ಲ) – ತೊಗಲನ್ನೇ ಸುಲಿದಂತೆ – ಖಚಿತ’. ದೃಶ್ಯದುದ್ದಕ್ಕೂ ಅವಮಾನ ಎಂಬ ಭಾವ ಗಾಜಿನಿಂದ ಅಕ್ಷರಕ್ಕೆ, ಟ್ರಂಕಿಗೆ, ಗುಂಡಿಗೆ ಕೈದಾಟುತ್ತಾ ಬರುತ್ತದೆ. ಒಂದು ಸೋತ ಕಡೆ ಇನ್ನೊಂದು ಎತ್ತಿಕೊಳ್ಳುತ್ತದೆ. ಗಟ್ಟಿ ದೃಶ್ಯದ ಗುರುತು ಇದು: ನಟನ ಮುಖಕ್ಕೆ ಕೈ ಅಡ್ಡ ಹಿಡಿದು ನೋಡಿದರೂ ವಿಷಯ ದಾಟಬೇಕು.

ಇದೇ ರೀತಿ ತಿರುಗು ಬಾಗಿಲನ್ನು ಹಿಂಬಾಲಿಸಿ. ಮೊದಲಿಗೆ ಅದು ಅವನ ಸಿಂಹಾಸನದ ಹಿನ್ನೆಲೆ. ಕನಸಿನಲ್ಲಿ ದೈತ್ಯಾಕಾರ ತಾಳುತ್ತದೆ, ಹಲವರು ಸೇರಿ ಎತ್ತಲಾರದ ಟ್ರಂಕನ್ನು ಅವನು ಅಲ್ಲಿ ಒಂದೇ ಕೈಯಲ್ಲಿ ಆಡಿಸುತ್ತಾನೆ. ಶೌಚಾಲಯಕ್ಕೆ ಇಳಿಯುವ ಮೆಟ್ಟಿಲನ್ನೂ ಬರೆದುಕೊಳ್ಳಿ. ಯೂನಿಫಾರ್ಮನ್ನು ರಾತ್ರಿ ಕದ್ದು ಓಡುವಾಗ ಹೋಟೆಲಿನ ಕಟ್ಟಡವೇ ಅವನ ಮೇಲೆ ವಾಲಿಬರುತ್ತದೆ. ಕದ್ದದ್ದು ಮನೆಯ ಮದುವೆಗೆ ವಠಾರದವರ ಕಣ್ಣಿಗೆ ಹಳೆಯ ಗತ್ತಿನಲ್ಲೇ ಕಾಣಬೇಕೆಂದು. ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ರೈಲ್ವೆ ಸ್ಟೇಷನ್ನಿನ ಲಗೇಜ್ ಕೋಣೆಯಲ್ಲಿಟ್ಟು ಹೋಗುತ್ತಾನೆ. ಒಂದು ಕೋಟು ಇರುವ ಜಾಗ ನೋಡಿಯೇ ಮನುಷ್ಯನ ಸ್ಥಿತಿ ಹೇಳಬಹುದಾದರೆ ಆ ಚಿತ್ರಕತೆ ಬಿಗಿಯಾಗಿದೆ ಎಂದರ್ಥ.

ಕ್ಯಾಮೆರಾ ಚಲನೆಯ ಬಗ್ಗೆ ಬರೆಯುವಾಗ ‘ಚಲಿಸುತ್ತದೆ’ ಎಂದಷ್ಟೇ ಬರೆಯಬೇಡಿ, ಯಾರ ಪರವಾಗಿ ಚಲಿಸುತ್ತದೆ ಎಂದು ಕೇಳಿಕೊಳ್ಳಿ. ಆರಂಭದಲ್ಲಿ ಕ್ಯಾಮೆರಾ ಲಿಫ್ಟಿನಲ್ಲಿ ಕೆಳಗಿಳಿದು ಲಾಬಿಯುದ್ದಕ್ಕೂ ಸಾಗಿ ಬಾಗಿಲಿಗೆ ಬರುತ್ತದೆ. ಫ್ರಾಯ್ಂಡ್ ಸೈಕಲ್ ಮೇಲೆ ಕೂತು ತೆಗೆದದ್ದು ಅದು. ಆ ಚಲನೆ ಹೋಟೆಲಿನ ಜಗಮಗದ್ದು, ಇನ್ನೂ ಯಾರ ಮನಸ್ಸಿನದ್ದೂ ಅಲ್ಲ. ಕುಡಿದ ಮತ್ತಿನ ದೃಶ್ಯಕ್ಕೆ ಅವರು ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಂಡು ತೂರಾಡಿದರು, ಅಲ್ಲಿ ಮಾತ್ರ ಚಲನೆ ಪೂರ್ತಿ ಮುದುಕನದ್ದು. ಅಂಗಳದಲ್ಲಿ ತುತ್ತೂರಿ ಊದುವಾಗ ಕ್ಯಾಮೆರಾ ಅದರ ಬಾಯಿಂದ ಹಿಂದೆ ಹಿಂದೆ ಸರಿಯುತ್ತದೆ. ಕೇಳಿಸದ ದನಿ ಹಬ್ಬುವುದನ್ನು ಕಣ್ಣಿಗೆ ಕಾಣಿಸುವ ಉಪಾಯ ಅದು. ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ‘ಬಂಧಮುಕ್ತ ಕ್ಯಾಮೆರಾ’ ಎಂದು ಹೊಗಳಿದರೆ ಮುರ್ನೌ ಮಾಡಿದ ವಿವೇಚನೆಯೇ ಕಾಣದೆ ಹೋಗುತ್ತದೆ.

ಜೊಳ್ಳು ಎಲ್ಲಿದೆ

ಮೊದಲನೆಯದು ಯಾನಿಂಗ್ಸ್ ಅವರದ್ದೇ. ಆಗ ಅವರಿಗೆ 40ರ ಪ್ರಾಯ. ಮುದಿತನವನ್ನು ಮೈಯಲ್ಲಿ ಕಟ್ಟಬೇಕಿತ್ತು, ಕಟ್ಟಿದ್ದಾರೆ ಕೂಡ. ಆದರೆ ಯೂನಿಫಾರ್ಮ್ ಹೋದ ಮೇಲೆ ಬೆನ್ನು ಒಮ್ಮೆ ಬಾಗಿತೆಂದರೆ ಶೌಚಾಲಯದ ದೃಶ್ಯಗಳಲ್ಲೆಲ್ಲ ಅದೇ ಬಾಗು, ಅದೇ ತೆರೆದ ಬಾಯಿ, ಅದೇ ನೋಟ. ನಿಮ್ಮ ಪಟ್ಟಿಯಲ್ಲಿ ಮೂರನೇ ಕಾಲಂ ನೋಡಿ. ಸತತ ನಾಲ್ಕೈದು ಸಾಲಿನಲ್ಲಿ ‘ಕುಗ್ಗಿದ್ದಾನೆ’ ಎಂದೇ ಬರೆದಿದ್ದರೆ ಚಿತ್ರ ಅಲ್ಲಿ ಹೊಸದೇನನ್ನೂ ಕೊಡುತ್ತಿಲ್ಲ. ಮನಸ್ಸು ಕುಗ್ಗುವುದರಲ್ಲೂ ಮೆಟ್ಟಿಲುಗಳಿರುತ್ತವೆ: ನಂಬದಿರುವುದು, ಸಿಟ್ಟು, ಮುಚ್ಚಿಡುವುದು, ಸೋಲೊಪ್ಪುವುದು. ಮುಚ್ಚಿಡುವ ಹಂತ ಚಿತ್ರದಲ್ಲಿ ಸೊಗಸಾಗಿದೆ, ಸಿಟ್ಟಿನ ಹಂತ ಇಲ್ಲವೆನ್ನುವಷ್ಟು ಕಡಿಮೆ.

ಎರಡನೆಯದು ಸುತ್ತಲಿನವರು. ವಠಾರದ ಹೆಂಗಸರು ನಿನ್ನೆವರೆಗೆ ಸಲಾಮು ಹೊಡೆದವರು, ಸುದ್ದಿ ತಿಳಿದ ಕೂಡಲೇ ಹಲ್ಲು ಕಿರಿಯುತ್ತಾರೆ. ಮನೆಯವರೂ ಮುಖ ತಿರುಗಿಸುತ್ತಾರೆ. ಅವರ್ಯಾರಿಗೂ ಸ್ವಂತ ಮನಸ್ಸಿಲ್ಲ. ‘ಇದೆಲ್ಲ ಮುದುಕನ ಕಣ್ಣಿಂದ ಕಂಡದ್ದು, ಅದಕ್ಕೇ ಹಾಗೆ’ ಎಂಬ ಸಮರ್ಥನೆ ನೀವು ಓದಬಹುದು. ಅದನ್ನು ಪರೀಕ್ಷಿಸುವುದು ಸುಲಭ: ಮುದುಕ ಇಲ್ಲದ ದೃಶ್ಯಗಳನ್ನು ಹುಡುಕಿ. ಊಟ ತಂದ ಹೆಂಗಸು ಅವನನ್ನು ಶೌಚಾಲಯದ ಬಾಗಿಲಲ್ಲಿ ಕಂಡು ಹೆದರಿ ಓಡಿದ ಮೇಲೆ ಸುದ್ದಿ ಬಾಯಿಂದ ಕಿವಿಗೆ ಹಾರುವ ದೃಶ್ಯದಲ್ಲಿ ಅವನಿಲ್ಲ. ಅಲ್ಲಿಯೂ ನೆರೆಯವರು ಬರೀ ನಗುವ ಬಾಯಿಗಳೇ. ಹಾಗಾಗಿ ಸಮರ್ಥನೆ ಅರ್ಧಕ್ಕೆ ಮಾತ್ರ ನಿಲ್ಲುತ್ತದೆ. ಆದರೆ ಇಲ್ಲೇ ಒಂದು ಕುತೂಹಲ: ಆ ಹರಡುವಿಕೆಯ ದೃಶ್ಯ ತಂತ್ರದ ದೃಷ್ಟಿಯಿಂದ ಚಿತ್ರದ ಶ್ರೇಷ್ಠ ಭಾಗಗಳಲ್ಲೊಂದು. ಒಂದೇ ದೃಶ್ಯ ತಂತ್ರದಲ್ಲಿ ಗಟ್ಟಿಯಾಗಿ, ಮನುಷ್ಯರನ್ನು ಕಾಣುವುದರಲ್ಲಿ ಸಡಿಲವಾಗಿ ಇರಬಹುದು. ಎರಡನ್ನೂ ಬರೆಯಿರಿ, ಒಂದರಿಂದ ಇನ್ನೊಂದನ್ನು ವಜಾ ಮಾಡಬೇಡಿ.

ಮೂರನೆಯದು ಮೂಕಿ ಎಂಬ ಮಾಧ್ಯಮದ್ದೇ ಮಿತಿ. ನಾಚಿಕೆ, ಭಯ, ಆಸೆ, ಮೋಹ ಇವನ್ನು ಮೂಕಿ ಚೆನ್ನಾಗಿ ಹೊರುತ್ತದೆ. ತರ್ಕ, ಎರಡು ದಾರಿಗಳ ನಡುವಿನ ಗೊಂದಲ, ಹಳೆಯ ಕಾರಣದ ನೆನಪು ಇವನ್ನು ಹೊರುವಾಗ ಏದುಸಿರು ಬಿಡುತ್ತದೆ. ಇದು ಚೆನ್ನಾಗಿ ಕಾಣುವುದು ಜಿ. ಡಬ್ಲ್ಯು. ಪಾಬ್ಸ್ಟ್ ಅವರ 1926ರ ಜರ್ಮನ್ ಚಿತ್ರ ‘ಸೀಕ್ರೆಟ್ಸ್ ಆಫ್ ಎ ಸೋಲ್’ನಲ್ಲಿ. ಚಾಕು ಕಂಡರೆ ನಡುಗುವ ಮನುಷ್ಯನೊಬ್ಬ ಮನೋವಿಶ್ಲೇಷಣೆಯಿಂದ ಗುಣವಾಗುವ ಕತೆ, ಮನೋವಿಶ್ಲೇಷಣೆಯ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್ ಅವರ ಶಿಷ್ಯರಾದ ಕಾರ್ಲ್ ಅಬ್ರಹಾಂ ಮತ್ತು ಹಾನ್ಸ್ ಸಾಕ್ಸ್ ಸಲಹೆಗಾರರಾಗಿದ್ದರು, ಫ್ರಾಯ್ಡ್ ದೂರವೇ ಉಳಿದರು. ಕನಸಿನ ಭಾಗ ಮೈ ಜುಮ್ಮೆನ್ನಿಸುತ್ತದೆ. ಚಿಕಿತ್ಸೆಯ ಭಾಗ ಬಂದಾಗ ಮಾತೇ ಮದ್ದಾದ್ದರಿಂದ ಚಿತ್ರ ಕಾರ್ಡುಗಳನ್ನು ಆತುಕೊಳ್ಳಬೇಕಾಗುತ್ತದೆ, ರೋಗವೂ ಅನುಮಾನ ಬರುವಷ್ಟು ಅಚ್ಚುಕಟ್ಟಾಗಿ ವಾಸಿಯಾಗುತ್ತದೆ. ಮುರ್ನೌ ಚಿತ್ರ ಇಂಥ ಬಿಕ್ಕಟ್ಟಿಗೆ ಸಿಕ್ಕಿಕೊಳ್ಳದಿರುವುದು ಅದು ತನ್ನ ನಾಯಕನಿಗೆ ಒಂದೇ ಒಂದು ಆಸೆ ಕೊಟ್ಟಿರುವುದರಿಂದ. ಅದು ಜಾಣತನ, ಆದರೆ ಬೆಲೆ ತೆತ್ತು ಪಡೆದದ್ದು: ಮುದುಕ ಆ ಕೋಟಿನಾಚೆ ಯಾರು ಎಂಬುದು ನಮಗೆ ತಿಳಿಯುವುದೇ ಇಲ್ಲ.

‘ಒಂದು ಕೋಟು ಹೋದದ್ದಕ್ಕೆ ಇಷ್ಟೊಂದು ದುಃಖವೇ?’ ಎಂಬ ಆಕ್ಷೇಪ ಮಾತ್ರ ಚಿತ್ರದ ದೋಷವಲ್ಲ. ಯುದ್ಧ ಮುಗಿದು ಆರು ವರ್ಷವಾಗಿದ್ದ ಜರ್ಮನಿಯಲ್ಲಿ ಯೂನಿಫಾರ್ಮಿಗೆ ಇದ್ದ ತೂಕ ನಮಗೆ ನೇರವಾಗಿ ದಕ್ಕುವುದಿಲ್ಲ. ನಮ್ಮ ಜಿಲ್ಲಾಧಿಕಾರಿ ಕಚೇರಿಯ ದಫೇದಾರ ಪೇಟ, ಪಟ್ಟಿ ಧರಿಸಿ ನಿಂತಾಗ ಊರಿನವರ ಕಣ್ಣಲ್ಲಿ ಎಷ್ಟೆತ್ತರ ಇರುತ್ತಾನೆ ಎಂದು ನೆನೆದರೆ ಹತ್ತಿರ ಬರಬಹುದು.

ಕೊನೆಯ ಭಾಗವನ್ನು ಹೇಗೆ ತೂಗಬೇಕು

ರಾತ್ರಿ ಕಾವಲುಗಾರ ಶೌಚಾಲಯದ ಮೂಲೆಯಲ್ಲಿ ಕೂತ ಮುದುಕನಿಗೆ ಕೋಟು ಹೊದಿಸುತ್ತಾನೆ. ಕತೆ ಅಲ್ಲಿಗೆ ಮುಗಿಯಬೇಕಿತ್ತು, ನಿಜ ಜೀವನದಲ್ಲಿ ಇವನಿಗೆ ಸಾವೇ ಗತಿ, ಆದರೆ ಬರೆದವರಿಗೆ ಕನಿಕರ ಬಂದು ನಂಬಲಾಗದ ಉತ್ತರಭಾಗ ಸೇರಿಸಿದ್ದಾರೆ ಎಂಬ ಅರ್ಥದ ಆ ಏಕೈಕ ಕಾರ್ಡು ಬರುತ್ತದೆ. ಆಮೇಲೆ ಮುದುಕನಿಗೆ ಕೋಟ್ಯಧೀಶನೊಬ್ಬನ ಆಸ್ತಿ ಬಂದು ಅದೇ ಹೋಟೆಲಿನಲ್ಲಿ ಕೂತು ಉಣ್ಣುತ್ತಾನೆ.

ವಿಮರ್ಶೆ ಹೆಚ್ಚಾಗಿ ಹಳಿ ತಪ್ಪುವುದು ಇಲ್ಲಿ. ಕೆಲವರು ಇದೊಂದಕ್ಕಾಗಿ ಇಡೀ ಚಿತ್ರವನ್ನು ತಳ್ಳಿಹಾಕುತ್ತಾರೆ, ಕೆಲವರು ‘ಇದು ವ್ಯಂಗ್ಯ’ ಎಂದು ಪೂರ್ತಿ ಮಾಫಿ ಕೊಡುತ್ತಾರೆ. ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ. ಉತ್ತರಭಾಗ ಮನಶ್ಶಾಸ್ತ್ರದ ದೃಷ್ಟಿಯಿಂದ ಹೊಂದುತ್ತದೆಯೇ? ಹೊಂದುವುದಿಲ್ಲ, ಅದನ್ನು ಚಿತ್ರವೇ ಒಪ್ಪಿಕೊಂಡಿದೆ. ಅದು ಉತ್ತರಭಾಗವಾಗಿ ಚೆನ್ನಾಗಿದೆಯೇ? ಕಾವಲುಗಾರನನ್ನು ಪಕ್ಕದಲ್ಲಿ ಕೂರಿಸಿ ಉಣ್ಣಿಸುವುದು, ಶೌಚಾಲಯದ ಹೊಸ ಮುದುಕನನ್ನು ಮರೆಯದಿರುವುದು ಚೆಂದ. ಆದರೆ ಹತ್ತು ನಿಮಿಷಕ್ಕೂ ಮಿಕ್ಕಿ ಊಟದ ತಟ್ಟೆಗಳ ಮೇಲೆ ಕಳೆಯುವುದು ದೀರ್ಘವಾಯಿತು, ಇಲ್ಲಿ ಗಡಿಯಾರ ಹಿಡಿದು ನೋಡಿದರೆ ಯಾರಿಗೂ ತಿಳಿಯುತ್ತದೆ. ಕಾರ್ಡಿಗೆ ಮುಂಚಿನ ಚಿತ್ರಕ್ಕೆ ಒಂದು ತೀರ್ಪು, ಆಮೇಲಿನದ್ದಕ್ಕೆ ಒಂದು ತೀರ್ಪು ಕೊಡುವುದೇ ನ್ಯಾಯ.

ಬೇರೆ ಚಿತ್ರಗಳಿಗೆ ಇದೇ ಕ್ರಮ ಹಚ್ಚುವಾಗ

ಟೈಟಲ್ ಕಾರ್ಡು ಹೆಚ್ಚಿರುವ ಚಿತ್ರವಾದರೆ ಒಂದು ಹೆಚ್ಚಿನ ಪರೀಕ್ಷೆ ಮಾಡಿ. ಮೊದಲ ಅರ್ಧ ಗಂಟೆಯ ಕಾರ್ಡುಗಳನ್ನು ಎಣಿಸಿ ಮೂರು ರಾಶಿ ಮಾಡಿ: ಪಾತ್ರದ ಮಾತು, ಕಾಲ–ಸ್ಥಳದ ಮಾಹಿತಿ, ಮನಸ್ಥಿತಿಯ ವಿವರಣೆ. ಮೊದಲೆರಡು ಎಷ್ಟಿದ್ದರೂ ಕೆಡುಕಿಲ್ಲ. ಮೂರನೇ ರಾಶಿಯ ಪ್ರತಿ ಕಾರ್ಡಿಗೂ ಪರದೆಗೆ ಹಾಳೆ ಅಡ್ಡ ಹಿಡಿದು ಹಿಂದಿನ, ಮುಂದಿನ ಶಾಟು ಮಾತ್ರ ನೋಡಿ. ಅರ್ಥ ದಾಟಿದರೆ ಕಾರ್ಡು ಅನವಶ್ಯಕ, ದಾಟದಿದ್ದರೆ ಚಿತ್ರ ಅಲ್ಲಿ ಕಾರ್ಡಿನಿಂದ ಕಡ ತಂದಿದೆ.

ಕಾರ್ಡು ಇಲ್ಲದಿರುವುದನ್ನೇ ದೊಡ್ಡ ಗುಣವೆಂದುಕೊಳ್ಳಬೇಡಿ. ತೆಯಿನೊಸುಕೆ ಕಿನುಗಾಸಾ ಅವರ 1926ರ ಜಪಾನಿ ಚಿತ್ರ ‘ಎ ಪೇಜ್ ಆಫ್ ಮ್ಯಾಡ್ನೆಸ್’ ಹುಚ್ಚಾಸ್ಪತ್ರೆಯಲ್ಲಿ ನಡೆಯುತ್ತದೆ, ಒಂದೂ ಕಾರ್ಡಿಲ್ಲ. ಆದರೆ ಆಗ ಜಪಾನಿನ ಚಿತ್ರಮಂದಿರಗಳಲ್ಲಿ ಪರದೆಯ ಪಕ್ಕ ಬೆನ್ಶಿ ಎಂಬ ಕತೆಗಾರ ನಿಂತು ವಿವರಿಸುತ್ತಿದ್ದ. ಮೇಲಾಗಿ ಕಳೆದುಹೋಗಿದ್ದ ಆ ಚಿತ್ರ 1971ರಲ್ಲಿ ನಿರ್ದೇಶಕರಿಗೇ ಸಿಕ್ಕಿತು, ಉಳಿದಿರುವುದು ಪೂರ್ತಿಯಲ್ಲ. ಅದು ಅರ್ಥವಾಗದೆ ಹೋದರೆ ದೋಷವನ್ನು ಎಲ್ಲಿ ಇಡಬೇಕೆಂದು ಯೋಚಿಸಿ ಇಡಿ.

ಮಾತಿಲ್ಲದ ಟಾಕಿಗೂ ಮೂಕಿಗೂ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಚಿತ್ರೀಕರಣವಾದ 1987ರ ‘ಪುಷ್ಪಕ ವಿಮಾನ’ದಲ್ಲಿ ಸಂಭಾಷಣೆ ಇಲ್ಲ, ಆದರೆ ಸದ್ದುಗಳಿವೆ, ಅವು ಕತೆ ಹೇಳುತ್ತವೆ. ಅದನ್ನು ತೂಗುವಾಗ ಎರಡನೇ ಕಾಲಂನಲ್ಲಿ ‘ಸದ್ದು’ ಎಂದು ಸೇರಿಸಬೇಕು, ದನಿ ಮುಚ್ಚಿ ನೋಡುವ ಪರೀಕ್ಷೆ ಕೈಬಿಡಬೇಕು.

ಬರೆಯುವಾಗ, ತೋರಿಸುವಾಗ

ಸಾವಿರ ಪದದ ಬರಹವಾದರೆ ಕತೆಗೆ ನೂರು, ಪ್ರತಿ ಮತ್ತು ವೇಗದ ವಿವರಕ್ಕೆ ಐವತ್ತು, ಒಂದೇ ಒಂದು ದೃಶ್ಯದ ವಿಶ್ಲೇಷಣೆಗೆ ನಾನೂರು ಪದ ಕೊಡಿ. ಉಳಿದದ್ದು ದೌರ್ಬಲ್ಯ ಮತ್ತು ತೀರ್ಪಿಗೆ. ಹತ್ತು ದೃಶ್ಯ ಮುಟ್ಟಿ ಬಿಟ್ಟ ಬರಹಕ್ಕಿಂತ ಒಂದನ್ನು ಬಿಡಿಸಿಟ್ಟ ಬರಹ ಓದುಗರಿಗೆ ಹೆಚ್ಚು ಕೊಡುತ್ತದೆ. ‘ಓವರ್ ಆಕ್ಟಿಂಗ್’ ಎಂದು ಬರೆಯುವ ಮುಂಚೆ ಪ್ರತಿಯ ವೇಗ ಪರೀಕ್ಷಿಸಿದ್ದೀರಾ ಎಂದು ನೋಡಿಕೊಳ್ಳಿ.

ಫಿಲ್ಮ್ ಸೊಸೈಟಿಯಲ್ಲೋ ಕಾಲೇಜಿನಲ್ಲೋ ತೋರಿಸುವುದಾದರೆ ಈ ಚಿತ್ರ ಕನ್ನಡದ ಪ್ರೇಕ್ಷಕರಿಗೆ ಬಹಳ ಅನುಕೂಲ. ಕೆಲಸದಿಂದ ಇಳಿಸುವ ಪತ್ರ, ಕೊನೆಯ ಕಾರ್ಡು, ಆಸ್ತಿಯ ಸುದ್ದಿ ಇರುವ ಪತ್ರಿಕೆ, ಈ ಮುಖ್ಯ ಬರಹಗಳ ಕನ್ನಡವನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿ ಮೊದಲೇ ಹಂಚಿದರೆ ಸಾಕು. ಪತ್ರಿಕೆಯ ಸಾಲನ್ನು ಮಾತ್ರ ಹಾಳೆಯ ಹಿಂಬದಿಗೆ ಹಾಕಿ, ಇಲ್ಲದಿದ್ದರೆ ಮುಕ್ತಾಯ ಮೊದಲೇ ತಿಳಿದುಹೋಗುತ್ತದೆ. ಚರ್ಚೆಯಲ್ಲೂ ಬರಹದಲ್ಲೂ ದೃಶ್ಯವನ್ನು ನಿಮಿಷದ ಲೆಕ್ಕದಲ್ಲಿ ಗುರುತಿಸಬೇಡಿ. ಒಬ್ಬರ ಪ್ರತಿಯ 32ನೇ ನಿಮಿಷ ಇನ್ನೊಬ್ಬರದ್ದರಲ್ಲಿ 27ಕ್ಕೆ ಬರುತ್ತದೆ. ‘ಗುಂಡಿ ಬೀಳುವಾಗ’, ‘ಲಗೇಜ್ ಕೋಣೆಯಲ್ಲಿ’ ಎಂದು ಘಟನೆಯ ಹೆಸರಿನಿಂದಲೇ ಬರೆಯಿರಿ.